ಕ್ಯಾಲೆಂಡರಿನ ಮೇಲೆ ಅರಿಶಿನದ ಬೊಟ್ಟು

ಹಳೆಯ ಕ್ಯಾಲೆಂಡರನ್ನು ಎಸೆಯುವ ಪದ್ಧತಿ ನಾನು ಹುಟ್ಟಿದ ಮನೆಯಲ್ಲೂ ಇರಲಿಲ್ಲ, ಸೇರಿದ ಮನೆಯಲ್ಲೂ ಇಲ್ಲ. ಡಿಸೆಂಬರ್ ಮೂವತ್ತೊಂದಕ್ಕೆ ನಿವೃತ್ತಿಯಾದ ಕ್ಯಾಲೆಂಡರಿಗೆ ಮರುದಿನವೇ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಅಪ್ಪ ಅದರ ಹಾಳೆಗಳಿಂದ ನನ್ನ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಬಿಳಿಯ ಬೆನ್ನು ಹೊರಗೆ, ದೇವರು ಒಳಗೆ. ಗಣಿತದ ಪುಸ್ತಕಕ್ಕೆ ಮಾತ್ರ ನಾನು ಹಟ ಮಾಡಿ ದೇವರು ಹೊರಗೆ ಬರುವ ಹಾಗೆ ಹಾಕಿಸಿಕೊಳ್ಳುತ್ತಿದ್ದೆ. ಏಕೆಂದರೆ ನಮ್ಮ ಗಣಿತದ ಮೇಷ್ಟರಿಗೆ ತಪ್ಪು ಲೆಕ್ಕ ಕಂಡರೆ ಪುಸ್ತಕವನ್ನು ಬಾಗಿಲಾಚೆ ಬೀಸಿ ಒಗೆಯುವ ಅಭ್ಯಾಸವಿತ್ತು. ಸರಸ್ವತಿಯನ್ನು ಹೇಗೆ ಒಗೆಯುತ್ತಾರೋ ನೋಡೇಬಿಡೋಣ ಎಂಬುದು ನನ್ನ ಧೈರ್ಯ. ಅವರು ಒಗೆಯಲಿಲ್ಲ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಭಕ್ತಿಯಿಂದ ತೆರೆದು, ಒಳಗೆ ದೊಡ್ಡದೊಂದು ಸೊನ್ನೆ ಹಾಕಿ, ಮತ್ತೆ ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು.

ಈಗ ವಸಂತಪುರದ ನಮ್ಮ ಫ್ಲ್ಯಾಟಿನಲ್ಲಿ ಕ್ಯಾಲೆಂಡರಿನ ಹಾಳೆಗಳು ಅಡುಗೆಮನೆಯ ಶೆಲ್ಫಿಗೆ, ಡಬ್ಬಿಗಳ ಕೆಳಗೆ ಹೋಗುತ್ತವೆ. ಅದು ನನ್ನ ಅತ್ತೆಯವರ ಇಲಾಖೆ. ಆ ಜನವರಿಯಲ್ಲಿ ಮಾತ್ರ ಅವರಿಗೆ ಮಂಡಿನೋವು ಜಾಸ್ತಿಯಾಗಿ, ಸ್ಟೂಲು ಹತ್ತುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಬೆಳಿಗ್ಗೆ ನೆಲದ ಮೇಲೆ ಕೂತು ಹಾಳೆ ಬಿಡಿಸುತ್ತಿದ್ದೆ. ಹತ್ತು ತಿಂಗಳ ನನ್ನ ಮಗಳು, ನಾನು ಬಿಡಿಸಿದ್ದನ್ನು ಹರಿದು ಸಹಕರಿಸುತ್ತಿದ್ದಳು. ಆಗ ಆಗಸ್ಟ್ ತಿಂಗಳಿನ ಒಂದು ತಾರೀಕಿನ ಮೇಲೆ ಹಳದಿ ಬೊಟ್ಟೊಂದು ಕಂಡಿತು. ಸಾರು ಸಿಡಿದಿರಬೇಕು ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಇನ್ನೊಂದು. ಅಕ್ಟೋಬರಿನಲ್ಲಿ ಮತ್ತೊಂದು. ಡಿಸೆಂಬರಿನಲ್ಲೂ ಒಂದು. ನನ್ನ ಅಡುಗೆಯ ಜ್ಞಾನ ಅಷ್ಟಕ್ಕಷ್ಟೆ, ಆದರೂ ಸಾರು ಇಷ್ಟು ಶಿಸ್ತಾಗಿ, ಚೌಕದ ನಟ್ಟನಡುವೆಯೇ ಸಿಡಿಯುವುದಿಲ್ಲ ಎಂಬಷ್ಟು ನನಗೂ ಗೊತ್ತು.

ಈ ಬೊಟ್ಟುಗಳ ಕತೆ ಹೇಳಬೇಕೆಂದರೆ ನಾನು ತಲೆಗೆ ಶಾಂಪೂ ಹಾಕಿಕೊಂಡ ದಿನದಿಂದ ಶುರುಮಾಡಬೇಕು. ಅದಕ್ಕೂ ಮೊದಲು ಮಗಳ ಪರಿಚಯ ಆಗಬೇಕು. ಅವಳ ಹೆಸರು ತನ್ಮಯಿ. ಎರಡು ಕಡೆಯ ಬಂಧುಗಳೂ ಸೇರಿ ತಿಂಗಳುಗಟ್ಟಲೆ ಜಗಳವಾಡಿ ಆರಿಸಿದ ಹೆಸರು. ನಾಮಕರಣದ ಮರುದಿನದಿಂದಲೇ ಎಲ್ಲರೂ ಅವಳನ್ನು ಗುಂಡಮ್ಮ ಎಂದು ಕರೆಯತೊಡಗಿದರು. ಅವಳನ್ನು ಎತ್ತಿಕೊಂಡು ಒಂದು ಮಹಡಿ ಹತ್ತಿದವರು ಯಾರೂ ಕಾರಣ ಕೇಳಿಲ್ಲ.

ಅತ್ತೆಯವರ ತಿಪಟೂರಿನ ಮನೆತನದಲ್ಲಿ ಮಗು ಬೆಳೆಯುವುದಕ್ಕೂ ಒಲೆಯ ಮೇಲಿನ ಬಾಣಲೆಗೂ ನೇರ ಸಂಬಂಧ. ಮಗು ಬೋರಲು ಬಿದ್ದರೆ ಕಾಯಿಕಡುಬು. ಆಸರೆಯಿಲ್ಲದೆ ಕೂತರೆ ಗಸಗಸೆ ಪಾಯಸ. ಹಲ್ಲು ಬಂದರೆ ತಂಬಿಟ್ಟು. ಅಂಬೆಗಾಲಿಟ್ಟು ಹೊಸಿಲು ದಾಟಿದರೆ ಒಬ್ಬಟ್ಟು. ಹೆಜ್ಜೆ ಇಟ್ಟರೆ ಸಜ್ಜಪ್ಪ. ಅವತ್ತಿನದು ಅವತ್ತೇ, ದೇವರಿಗೆ ಸಂಜೆಯ ದೀಪ ಹಚ್ಚುವುದರೊಳಗೆ ಆಗಬೇಕು. ಐದು ಮನೆಗೆ ಹಂಚಬೇಕು. ಇಷ್ಟೆಲ್ಲ ಯಾರ ಹೆಸರಿನಲ್ಲಿ ನಡೆಯುತ್ತದೋ ಆ ಮಗುವಿಗೆ ಮಾತ್ರ ಒಂದು ತುಣುಕೂ ಸಿಗುವುದಿಲ್ಲ, ಅದಕ್ಕೆ ರಾಗಿ ಸರಿಯೇ ಗತಿ.

ನನಗೆ ಈ ಪಟ್ಟಿಯ ಮೇಲೆ ನಂಬಿಕೆಯಿರಲಿಲ್ಲ. ನಾನು ನಂಬಿದ್ದು ಫೋನಿನ ಒಂದು ಆ್ಯಪನ್ನು. ಅದು ವಾರಕ್ಕೊಮ್ಮೆ, ನಿಮ್ಮ ಮಗು ಮಗುಚಿತೇ, ನಿಮ್ಮ ಮಗು ನಕ್ಕಿತೇ ಎಂದು ಇನ್‌ಸ್ಪೆಕ್ಟರ್ ಹಾಗೆ ವಿಚಾರಿಸುತ್ತಿತ್ತು. ‘ಇನ್ನೂ ಇಲ್ಲ’ ಎಂದು ಒತ್ತಿದರೆ ಅವಮಾನ. ಆದ್ದರಿಂದ ನಾನು ‘ಸ್ವಲ್ಪಮಟ್ಟಿಗೆ’ ಎಂಬುದನ್ನೇ ಒತ್ತುತ್ತಿದ್ದೆ. ಗುಂಡಮ್ಮನಿಗೆ ಐದನೇ ತಿಂಗಳು ಬಂದರೂ ಬೋರಲು ಬೀಳುವ ಯೋಚನೆ ಕಾಣಲಿಲ್ಲ. ಬೆನ್ನ ಮೇಲೆ ಮಲಗಿ ಫ್ಯಾನಿನ ಜೊತೆ ಮಾತಾಡಿಕೊಂಡು ಸುಖವಾಗಿದ್ದಳು. ನಾನು ಹನ್ನೊಂದು ದಿನ ಫೋನಿನ ಕ್ಯಾಮೆರಾ ಹಿಡಿದು ಚಾಪೆಯ ಪಕ್ಕ ಕಾದೆ. ಹನ್ನೆರಡನೆಯ ದಿನ, ಭಾನುವಾರ, ತಲೆ ಕೆರೆತ ತಡೆಯಲಾರದೆ ಸ್ನಾನಕ್ಕೆ ಹೋದೆ. ಶಾಂಪೂ ಹಾಕಿ ನೊರೆ ಬರಿಸಿದ್ದೇ ತಡ, ಹೊರಗೆ ಕೇಕೆ, ಚಪ್ಪಾಳೆ. ಕಣ್ಣಿಗೆ ನೊರೆ ಇಳಿಸಿಕೊಂಡು, ಟವೆಲು ಸುತ್ತಿಕೊಂಡು ಓಡಿ ಬಂದಾಗ ನನ್ನ ಮಗಳು ಹೊಟ್ಟೆಯ ಮೇಲೆ ಮಲಗಿ, ತಲೆಯೆತ್ತಿ, ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ ಎಂಬಂತೆ ನನ್ನನ್ನು ನೋಡುತ್ತಿದ್ದಳು. ಗಂಡ ನೋಡಿದ್ದ. ಅತ್ತೆ ನೋಡಿದ್ದರು. ಪೇಪರ್ ಬಿಲ್ಲಿಗೆ ಬಂದವನೂ ಬಾಗಿಲಲ್ಲಿ ನಿಂತು ನೋಡಿದ್ದ.

ನಾನು ಮತ್ತೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು ಅತ್ತುಬಿಟ್ಟೆ. ಶಾಂಪೂ ಉರಿ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಆದರೆ ಅದು ಶಾಂಪೂ ಉರಿಯಾಗಿರಲಿಲ್ಲ. ಇನ್ನೊಂದು ತಿಂಗಳಿಗೆ ರಜೆ ಮುಗಿದು, ಜಯನಗರದ ಆಫೀಸಿಗೆ ಹೋಗಿ, ಯಾರದೋ ಇನ್ಶೂರೆನ್ಸ್ ಕಡತದಲ್ಲಿ ಮುಖ ಹುದುಗಿಸಿ ಕೂರಬೇಕಿತ್ತು. ಮನೆಯಲ್ಲಿದ್ದಾಗಲೇ ತಪ್ಪಿಹೋಯಿತು, ಇನ್ನು ಹೋದ ಮೇಲೆ ಏನು ಸಿಕ್ಕೀತು? ಬಾಗಿಲಾಚೆ ಅತ್ತೆ ನಿಂತಿರುವುದು ಅವರ ಬಳೆಯ ಸದ್ದಿನಿಂದ ಗೊತ್ತಾಯಿತು.

“ಅಳ್ಬೇಡ ಕಣೇ. ನಾಳೆ ಮತ್ತೆ ಬೀಳ್ತಾಳೆ, ನೋಡೋವಂತೆ.”

“ಮೊದಲ್ನೇದು ಅನ್ನೋದು ಒಂದೇ ಸಲ ಅತ್ತೆ.”

ಬಳೆಯ ಸದ್ದು ದೂರವಾಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ಕೇಳಿಸಿತು.

ಸೆಪ್ಟೆಂಬರಿನಲ್ಲಿ ನಾನು ಕೆಲಸಕ್ಕೆ ಹೋದೆ. ಆಮೇಲಿನದು ನನ್ನ ಜೀವನದ ಸುವರ್ಣಯುಗ. ಏಕೆಂದರೆ ಅಲ್ಲಿಂದ ಮುಂದೆ ಗುಂಡಮ್ಮ ಮಾಡಿದ ಹೊಸದೆಲ್ಲವೂ ನನ್ನ ಕಣ್ಣೆದುರೇ ಆಯಿತು. ಅವಳು ಮೊದಲ ಸಲ ಆಸರೆಯಿಲ್ಲದೆ ಕೂತದ್ದು ಶನಿವಾರ ಮಧ್ಯಾಹ್ನ, ನಾನು ಎದುರಿಗೇ ಇದ್ದೆ. ಮೊದಲ ಹಲ್ಲು ಚಮಚಕ್ಕೆ ಟಿಣ್ ಎಂದು ತಗುಲಿದ್ದು ಭಾನುವಾರ, ಚಮಚ ಹಿಡಿದಿದ್ದವಳು ನಾನೇ. ಹೊಸಿಲು ದಾಟಿದ್ದು ವಾರದ ನಡುವೆಯೇ, ಆದರೆ ಸಂಜೆ, ನಾನು ಬಂದು ಕೈಕಾಲು ತೊಳೆದ ಮೇಲೆ. ತಾಯಿ ಬರುವವರೆಗೂ ಕಾಯುವ ಮಗು ಎಂದು ನಾನು ಆಫೀಸಿನಲ್ಲಿ ಮೂರು ವಿಭಾಗಕ್ಕೆ ಸಾಲುವಷ್ಟು ಹೇಳಿಕೊಂಡೆ. ಕರುಳು ಅಂದರೆ ಏನು ಎಂದು ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲೂ ಭಾಷಣ ಮಾಡಿದೆ. ಮನೆಯಲ್ಲಿ ಅತ್ತೆಯವರನ್ನು ಕಂಡರೆ ಕನಿಕರ. ಪಾಪ, ದಿನವಿಡೀ ಎತ್ತಿ ಆಡಿಸುವವರು ಅವರು, ಒಂದಾದರೂ ಅವರ ಕಣ್ಣಿಗೆ ಮೊದಲು ಬೀಳಬಾರದೇ! ಒಂದು ದಿನ ಅವರ ಹೆಗಲು ತಟ್ಟಿ, ಬೇಜಾರು ಮಾಡ್ಕೋಬೇಡಿ ಅತ್ತೆ ಎಂದು ಸಮಾಧಾನವನ್ನೂ ಹೇಳಿದೆ. ಅವರು ತಲೆತಗ್ಗಿಸಿ, ಸೊಪ್ಪು ಬಿಡಿಸುತ್ತ, ಇಲ್ಲಮ್ಮ ಎಂದರು.

ಹೊಸಿಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಫ್ಲ್ಯಾಟಿನಲ್ಲಿ ಹಾಲಿನಿಂದ ರೂಮಿಗೆ, ರೂಮಿನಿಂದ ಅಡುಗೆಮನೆಗೆ ಒಂದೇ ನೆಲ, ಜಾರುಬಂಡೆಯ ಹಾಗೆ. ಕಟ್ಟಿಸಿದವನಿಗೆ ಹೊಸಿಲು ಎಂದರೆ ಮುಗ್ಗರಿಸುವ ವಸ್ತು. ಹೊಸಿಲೇ ಇಲ್ಲದ ಮನೆಯಲ್ಲಿ ಕೂಸು ಏನನ್ನು ದಾಟಬೇಕು ಎಂಬುದು ಅತ್ತೆಯವರ ದೊಡ್ಡ ಚಿಂತೆಯಾಗಿತ್ತು. ಉಳಿದದ್ದು ಮುಂಬಾಗಿಲಿನ ಎರಡು ಬೆರಳೆತ್ತರದ ಮರದ ಪಟ್ಟಿ ಮಾತ್ರ. ಅವರು ದಿನಾ ಬೆಳಿಗ್ಗೆ ಅರಿಶಿನ ಹಚ್ಚಿ ಕುಂಕುಮ ಇಡುವುದು ಅದಕ್ಕೇ. ಅದನ್ನು ದಾಟಿದರೆ ಮುಂದೆ ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡು.

ಆ ಡಿಸೆಂಬರ್ ಸಂಜೆ ನಾನು ಮೆಟ್ರೋ ಇಳಿದು ಮನೆಗೆ ಬಂದರೆ ಮಹಡಿ ಮೆಟ್ಟಿಲಿನವರೆಗೂ ಒಬ್ಬಟ್ಟಿನ ಘಮ. ಏನು ವಿಶೇಷ ಎಂದು ಕೇಳಿದೆ. ಕಡಲೆಬೇಳೆಗೆ ಹುಳ ಬೀಳುವ ಹಾಗಿತ್ತು, ಅದಕ್ಕೆ ಮಾಡಿಬಿಟ್ಟೆ ಎಂದರು ಅತ್ತೆ. ನಾನು ತುಪ್ಪ ಹಾಕಿಸಿಕೊಂಡು ಮೂರು ತಿಂದೆ. ಅವರು ಒಂದನ್ನೂ ಮುಟ್ಟಲಿಲ್ಲ. ಹಿಂದೊಮ್ಮೆ ಗಸಗಸೆ ಪಾಯಸವಾದಾಗಲೂ ಹೀಗೇ ಕೇಳಿದ್ದೆ, ಹಾಲು ಒಡೆಯುವ ಹಾಗಿತ್ತು ಎಂದಿದ್ದರು. ಒಡೆಯುವ ಹಾಲಿನಲ್ಲಿ ಯಾರಾದರೂ ಪಾಯಸ ಮಾಡುತ್ತಾರೆಯೇ ಎಂದು ಕೇಳುವಷ್ಟು ಬುದ್ಧಿ ನನಗಿದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬಟ್ಟು ಮುಗಿಸಿ ಕೈತೊಳೆದು ಬಂದ ಕೂಡಲೇ ಅತ್ತೆ ನನ್ನನ್ನು ಬಾಗಿಲ ಹತ್ತಿರ ಕೂರಿಸಿದರು.

“ಇಲ್ಲೇ ಕೂತ್ಕೋ. ಇವತ್ತು ಯಾಕೋ ಇವಳು ಏನೋ ಮಾಡ್ತಾಳೆ ಅನ್ಸತ್ತೆ.”

ಹಿತ್ತಾಳೆ ಸೌಟೊಂದನ್ನು ಹೊಸಿಲಿನ ಆಚೆ ಇಟ್ಟರು. ಗುಂಡಮ್ಮ ಆ ಹೊಳಪು ನೋಡಿದಳು, ದುಡುದುಡು ಅಂಬೆಗಾಲಿಟ್ಟು ಬಂದಳು, ಹೊಸಿಲ ಮೇಲೆ ಹೊಟ್ಟೆಯೂರಿ ಒಂದು ಕ್ಷಣ ತಕ್ಕಡಿಯ ಹಾಗೆ ತೂಗಿದಳು, ಆಚೆಗೆ ಜಾರಿದಳು. ನಾನು ಕಿರುಚಿದ ಸದ್ದಿಗೆ ನಾಲ್ಕು ಮನೆಯ ಬಾಗಿಲು ತೆರೆಯಿತು. ಮತ್ತೆ ನಾನೇ, ಹಣೆ ಬಡಿದುಕೊಳ್ಳಬೇಕು, ಅತ್ತೆಗೆ ಹೇಳಿದೆ: ಎಂಥ ಯೋಗ ನೋಡಿ ಅತ್ತೆ, ಒಬ್ಬಟ್ಟೂ ಇವತ್ತೇ ಮಾಡಿದ್ದೀರಿ!

ಜನವರಿಯ ಆ ಭಾನುವಾರ, ಹಾಳೆಗಳ ನಡುವೆ ಕೂತು, ಡಿಸೆಂಬರಿನ ಬೊಟ್ಟನ್ನು ಹತ್ತಿರ ಹಿಡಿದು ನೋಡಿದೆ. ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ ಏಕಾದಶಿ ಎಂದು ಅಚ್ಚಾಗಿತ್ತು. ನನ್ನ ಅತ್ತೆ ಏಕಾದಶಿಯ ದಿನ ಹಾಲು, ಹಣ್ಣು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಅವರ ಒಲೆಯ ಮೇಲೆ ಅಂದು ಅನ್ನವೇ ಬೇಯುವುದಿಲ್ಲ, ನಮಗೆ ಹಿಂದಿನ ದಿನದ ದೋಸೆ ಹಿಟ್ಟೇ ಗತಿ. ಅಂಥವರು ಬೇಳೆಗೆ ಬೀಳಲಿರುವ ಹುಳಕ್ಕೆ ಹೆದರಿ ಏಕಾದಶಿಯ ದಿನ ಹೂರಣ ರುಬ್ಬಿದರೇ? ಅವರು ಅವತ್ತು ಯಾಕೆ ತಿನ್ನಲಿಲ್ಲ ಎಂಬುದು ಆಗ ಹೊಳೆಯಿತು. ಯಾಕೆ ಮಾಡಿದರು ಎಂಬುದೂ ಹೊಳೆಯಿತು. ನಾನು ಆಫೀಸಿನಲ್ಲಿದ್ದಾಗಲೇ ಮಗು ಹೊಸಿಲು ದಾಟಿತ್ತು. ಅವತ್ತಿನದು ಅವತ್ತೇ ಆಗಬೇಕಿತ್ತು. ಸೆಪ್ಟೆಂಬರಿನ ಬೊಟ್ಟು ಬುಧವಾರದ ಮೇಲಿತ್ತು, ಪಾಯಸದ ಬುಧವಾರ. ಅಕ್ಟೋಬರಿನದು ಶುಕ್ರವಾರ, ಪಕ್ಕದ ಮನೆಯಿಂದ ಬಂದದ್ದೆಂದು ನನಗೆ ತಂಬಿಟ್ಟು ಕೊಟ್ಟ ದಿನ. ಆಗಸ್ಟಿನದು ಹೇಗೂ ನನ್ನ ಶಾಂಪೂ ಭಾನುವಾರ.

ಗಂಡನನ್ನು ಕೇಳಿದೆ. ಅವನು ಶೂ ಪಾಲಿಶ್ ಮಾಡಲು ಕೂತ. ಆಫೀಸಿಗೆ ವರ್ಷವಿಡೀ ಚಪ್ಪಲಿಯಲ್ಲಿ ಹೋಗುವವನು ಅವನು. ಮೇಲಿನ ಮಹಡಿಯ ಗಂಗಕ್ಕ, ಧಾರವಾಡದ ಕಡೆಯವರು, ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿದೆ. ಅವರು ಸೆರಗು ಬಾಯಿಗೆ ಹಿಡಿದು ನಕ್ಕರು.

“ನಿಮ್ಮ ಅತ್ತಿಯವ್ರು ಆಣಿ ಹಾಕ್ಯಾರ್ರೀ, ನಾ ಏನೂ ಹೇಳಂಗಿಲ್ಲ. ಹೋಳಿಗಿ ಮಾತ್ರ ಭಾಳ ಛಲೋ ಆಗಿದ್ವು.”

ಐದು ಮನೆಗೆ ಹಂಚಬೇಕಲ್ಲ. ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಕರುಳಿನ ಬಗ್ಗೆ ಲಿಫ್ಟಿನಲ್ಲಿ ನಾನು ಮಾಡಿದ ಭಾಷಣಗಳನ್ನು ಅವರೆಲ್ಲ ತಲೆಯಾಡಿಸುತ್ತ ಕೇಳಿದ್ದರು.

ಮೊದಲು ಕೋಪ ಬಂತು. ಆಮೇಲೆ ನಾಚಿಕೆ. ಅದೆಲ್ಲ ಇಳಿದ ಮೇಲೆ ಉಳಿದದ್ದು ದುಃಖ: ಮಗಳ ಒಂದೇ ಒಂದು ಮೊದಲನೆಯದೂ ನನ್ನ ಪಾಲಿಗೆ ಬಂದಿರಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಆದರೆ ಈ ಸಲ ಅಳು ಅರ್ಧಕ್ಕೇ ನಿಂತಿತು. ಅತ್ತೆಯವರ ನೆನಪು ಬಂತು. ಕೂಸು ಮೊದಲ ಸಲ ಕೂತಾಗ, ಹೊಸಿಲು ದಾಟಿದಾಗ, ಅವರಿಗೂ ಕೂಗಬೇಕು ಅನ್ನಿಸಿರಬೇಕು, ಮಗನಿಗೆ, ತಂಗಿಗೆ, ನನಗೆ ಫೋನು ಮಾಡಬೇಕು ಅನ್ನಿಸಿರಬೇಕು. ಅಷ್ಟನ್ನೂ ಸಂಜೆಯವರೆಗೆ ನುಂಗಿಕೊಂಡು, ಅರಿಶಿನದ ಬೆರಳಿನಲ್ಲಿ ಗೋಡೆಯ ಕ್ಯಾಲೆಂಡರಿಗೆ ಮಾತ್ರ ಹೇಳಿ, ಮತ್ತೆ ನನ್ನೆದುರು ಹೊಸದಾಗಿ ನೋಡಿದವರ ಹಾಗೆ ಬೆರಗಾಗಿದ್ದರು. ನಾನು ಹೆಗಲು ತಟ್ಟಿ ಸಮಾಧಾನ ಹೇಳಿದ್ದನ್ನೂ ಸಹಿಸಿಕೊಂಡಿದ್ದರು. ನನಗೆ ಗೊತ್ತಾಗಿದೆ ಎಂದು ನಾನು ಬಾಯಿಬಿಡಲಿಲ್ಲ. ಹಾಳೆಗಳನ್ನು ಡಬ್ಬಿಗಳ ಕೆಳಗೆ ಹಾಸಿದೆ. ಡಿಸೆಂಬರಿನದನ್ನು ಮಾತ್ರ ಮಡಿಸಿ ನನ್ನ ಸೀರೆಗಳ ನಡುವೆ ಇಟ್ಟುಕೊಂಡೆ.

ಆದರೂ ಆಸೆ ಆಸೆಯೇ. ಹೆಜ್ಜೆ ಬಾಕಿ ಇತ್ತು. ಅದೊಂದನ್ನಾದರೂ ನಿಜವಾಗಿ ನೋಡಬೇಕು ಎಂದು ರಜೆಗಳನ್ನು ಕೂಡಿಟ್ಟೆ. ಯುಗಾದಿಯ ಹೊತ್ತಿಗೆ ಗುಂಡಮ್ಮ ಗೋಡೆ, ಸೋಫಾ, ಟೀಪಾಯಿ, ಅಪ್ಪನ ಮೊಣಕಾಲು ಹಿಡಿದು ಇಡೀ ಮನೆಗೆ ಪ್ರದಕ್ಷಿಣೆ ಹಾಕುತ್ತಿದ್ದಳು. ಕೈ ಬಿಟ್ಟರೆ ಮಾತ್ರ ಧೊಪ್ಪನೆ ಕೂತು, ನೆಲದ್ದೇ ತಪ್ಪು ಎಂಬಂತೆ ಅದನ್ನು ಹೊಡೆಯುತ್ತಿದ್ದಳು.

ಅಷ್ಟರಲ್ಲಿ ತಿಪಟೂರಿನಲ್ಲಿ ಅತ್ತೆಯವರ ತಂಗಿಯ ಮನೆಯ ಗೃಹಪ್ರವೇಶ ಬಂತು. ಮೂರು ದಿನ. ಮಗನೇ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಆಯಿತು. ಮಗುವಿಗೆ ಶೀತವಾಗಿದ್ದರಿಂದ ನಾನು ರಜೆ ಹಾಕಿ ಮನೆಯಲ್ಲಿ ಉಳಿದೆ. ಶೀತ ಸಣ್ಣದು, ನನ್ನ ಲೆಕ್ಕಾಚಾರ ದೊಡ್ಡದು. ಅತ್ತೆ ಹೊರಟವರು ಎರಡು ಸಲ ಲಿಫ್ಟಿನಿಂದ ವಾಪಸು ಬಂದರು, ಒಂದು ಸಲ ಕನ್ನಡಕಕ್ಕೆ, ಇನ್ನೊಂದು ಸಲ ಸುಮ್ಮನೆ. ಹೊಸಿಲ ಹತ್ತಿರ ಕಷ್ಟಪಟ್ಟು ಮಂಡಿ ಮಡಿಸಿ ಕೂತು ಮೊಮ್ಮಗಳ ಪಾದ ಸವರಿದರು.

“ನಾನು ಬರೋವರ್ಗೂ ನಡೀಬೇಡ ಕಣೇ ಗುಂಡಮ್ಮ.”

ನಗುತ್ತಲೇ ಹೇಳಿದರು. ಆದರೆ ಅವರ ಕಣ್ಣು ನಗುತ್ತಿರಲಿಲ್ಲ.

ಗುಂಡಮ್ಮ ಒಂದು ದಿನ ಅಜ್ಜಿಯ ಮಾತು ನಡೆಸಿದಳು. ಎರಡನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಒಗೆದ ಬಟ್ಟೆ ಹರವಲು ಬಾಲ್ಕನಿಗೆ ಹೊರಟಿದ್ದೆ. ಎರಡು ಕೈಯಲ್ಲೂ ಒದ್ದೆ ಬಟ್ಟೆ, ಫೋನು ಎಲ್ಲಿತ್ತೋ. ತಿರುಗಿದರೆ ಅವಳು ಟೀಪಾಯಿ ಬಿಟ್ಟು ನಿಂತಿದ್ದಾಳೆ. ಎರಡು ತೋಳೂ ಮೇಲೆ, ಬಾಯಿ ತೆರೆದು, ಹುಬ್ಬು ಗಂಟು. ಒಂದು ಹೆಜ್ಜೆ. ತಡೆದಳು. ಎರಡು. ಮೂರು, ನಾಲ್ಕು. ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಹಿಡಿದು ನಿಂತಳು. ಅತ್ತೆ ದಿನಾ ಸೊಪ್ಪು ಬಿಡಿಸಲು ಕೂರುವ ಕುರ್ಚಿ ಅದು. ಖಾಲಿ ಕುರ್ಚಿಯನ್ನು ಕೈಯಿಂದ ತಟ್ಟಿ, ಬಗ್ಗಿ ಅದರ ಹಿಂದೆ ಇಣುಕಿ, “ಜ್ಜಿ?” ಎಂದಳು.

ನೋಡಿದ್ದು ನಾನು, ನಡೆದದ್ದು ಅಜ್ಜಿಯ ಕಡೆಗೆ. ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದರೆ, ಒಂದು ಚಮಚದಷ್ಟು ಆಯಿತು. ಉಳಿದದ್ದೆಲ್ಲ ಸಂತೋಷವೇ. ಒದ್ದೆ ಬಟ್ಟೆಗಳ ಸಮೇತ ನೆಲಕ್ಕೆ ಕೂತು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ, ನಕ್ಕೆ, ಅವಳ ಶೀತವನ್ನೂ ಜಾಸ್ತಿ ಮಾಡಿದೆ. ಆಮೇಲೆ ಹುಡುಕಿ ಫೋನು ತೆಗೆದೆ. ಅತ್ತೆಯವರ ನಂಬರಿನ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ನಾನು ಬರೋವರ್ಗೂ ಎಂದಿದ್ದರು. ಫೋನನ್ನು ಕೆಳಗಿಟ್ಟೆ. ಗಂಟಲಲ್ಲಿ ಇಷ್ಟು ದೊಡ್ಡ ಸುದ್ದಿ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಅತ್ತೆ ಇದನ್ನು ಮೂರು ಸಲ ಮಾಡಿದ್ದರು.

ಅವತ್ತಿನದು ಅವತ್ತೇ. ನಂಬಿಕೆ ಇಲ್ಲದವಳು ನಾನು ಚಿರೋಟಿ ರವೆಯ ಡಬ್ಬಿ ಇಳಿಸಿದೆ. ಗಂಗಕ್ಕನನ್ನು ಕರೆದೆ. ಅವರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು, ಮಗುವನ್ನು ಎತ್ತಿಕೊಂಡು ನಿಂತು, ನನಗೆ ಹೇಳಿಕೊಟ್ಟರು. ಮೊದಲ ಸಜ್ಜಪ್ಪ ಎಣ್ಣೆಯಲ್ಲೇ ಒಡೆದು ಹೂರಣ ತೇಲಿತು. ಎರಡನೆಯದು ನನ್ನ ಮಣಿಕಟ್ಟಿಗೆ ಎಣ್ಣೆ ಹಾರಿಸಿತು. ಅಂತೂ ದೀಪದ ಹೊತ್ತಿಗೆ ಹದಿನಾರಾಯಿತು, ನೋಡಲು ಒಂದರ ಹಾಗೆ ಇನ್ನೊಂದಿಲ್ಲ. ಐದು ಮನೆಗೆ ಹಂಚಿ, ಎಲ್ಲರಿಗೂ ನಮ್ಮ ಅತ್ತೆಗೆ ಹೇಳಬೇಡಿ ಎಂದು ಬೇಡಿಕೊಂಡೆ. ಕೆಳಗಿನ ಮನೆಯ ಅಂಕಲ್ ತಟ್ಟೆ ತೆಗೆದುಕೊಂಡು, ನಿಮ್ಮ ಮನೇಲಿ ಇದು ಇದ್ದದ್ದೇ ಬಿಡಮ್ಮ ಎಂದರು. ಮನೆಗೆ ಬಂದು, ಅರಿಶಿನದ ಬಟ್ಟಲಿಗೆ ಬೆರಳದ್ದಿ, ಹೊಸ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಒಂದು ಬೊಟ್ಟು ಇಟ್ಟೆ. ಯಾರಿಗಾದರೂ ಹೇಳಲೇಬೇಕಿತ್ತು.

ಮರುದಿನ ಸಂಜೆ ಅತ್ತೆ ಬಂದರು. ಕೈಚೀಲ ಇಳಿಸುವ ಮೊದಲೇ ಅವರು ಕೇಳಿದ್ದು, ನಡೆದಳಾ ಎಂದು. ಎಲ್ಲಿ ಅತ್ತೆ, ಬರೀ ಕೂರ್ತಾಳೆ ಎಂದೆ. ಅವರ ಮುಖ ಅರಳಿತು. ಕೈಕಾಲು ತೊಳೆದು ಬಂದವರನ್ನು ಅವರ ಕುರ್ಚಿಯಲ್ಲೇ ಕೂರಿಸಿದೆ.

“ಇಲ್ಲೇ ಕೂತ್ಕೊಳ್ಳಿ ಅತ್ತೆ. ಇವತ್ತು ಯಾಕೋ ಇವಳು ಏನೋ ಮಾಡ್ತಾಳೆ ಅನ್ಸತ್ತೆ.”

ಟೀಪಾಯಿಯ ಹತ್ತಿರ ಗುಂಡಮ್ಮನನ್ನು ನಿಲ್ಲಿಸಿ ಕೈಬಿಟ್ಟೆ. ಈ ಸಲ ಕುರ್ಚಿ ಖಾಲಿ ಇರಲಿಲ್ಲವಾದ್ದರಿಂದ ಅವಳು ನಾಲ್ಕಲ್ಲ, ಆರು ಹೆಜ್ಜೆಯನ್ನು ಓಡುವವಳ ಹಾಗೆ ಇಟ್ಟು ಅಜ್ಜಿಯ ಮಡಿಲಿಗೆ ಬಿದ್ದಳು. ಅತ್ತೆ ಮಂಡಿನೋವು ಮರೆತು ಎದ್ದು ನಿಂತರು, ಅತ್ತರು, ತಿಪಟೂರಿಗೆ ಫೋನು ಮಾಡಿ ಎಲ್ಲರಿಗೂ ಹೇಳಿದರು, ನಾನೇ ಮೊದಲು ನೋಡಿದ್ದು, ನಾನು ಬರೋವರೆಗೂ ಕಾದಿದ್ದಳು ಎಂದು. ನಾನು ಬೆರಗಾದವಳ ಹಾಗೆ ನಿಂತಿದ್ದೆ. ಈ ಪಾತ್ರಕ್ಕೆ ನನಗೆ ಒಳ್ಳೆಯ ಗುರು ಸಿಕ್ಕಿದ್ದರು.

ಫೋನು ಮುಗಿಸಿ ಅವರು ಸಜ್ಜಪ್ಪ ಮಾಡಲು ಅಡುಗೆಮನೆಗೆ ಹೋದರು. ಚಿರೋಟಿ ರವೆಯ ಡಬ್ಬಿ ತೆರೆದು, ಬಗ್ಗಿಸಿ ನೋಡಿ, ರವೆ ಎಲ್ಲಿ ಹೋಯಿತು ಎಂದು ಕೇಳಿದರು.

“ಹುಳ ಬೀಳೋ ಹಾಗಿತ್ತು ಅತ್ತೆ.”

ಅವರು ಅರ್ಧಕ್ಕಿಳಿದ ಎಣ್ಣೆಯ ಡಬ್ಬವನ್ನು ನೋಡಿದರು. ನನ್ನ ಮಣಿಕಟ್ಟಿನ ಗುಳ್ಳೆಯನ್ನು ನೋಡಿದರು. ಅರಿಶಿನದಲ್ಲಿ ಬೆರಳದ್ದಿ ಕ್ಯಾಲೆಂಡರಿನ ಹತ್ತಿರ ಹೋದರು. ಬೆರಳು ಗಾಳಿಯಲ್ಲೇ ನಿಂತಿತು. ಹಿಂದಿನ ದಿನದ ಚೌಕದಲ್ಲಿ ನನ್ನ ಬೊಟ್ಟಿತ್ತು, ಅಭ್ಯಾಸವಿಲ್ಲದ ಕೈಯದು, ಒಂದು ಕಡೆ ಸೋರಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಅದರ ಪಕ್ಕದ ಚೌಕದಲ್ಲಿ ತಮ್ಮದನ್ನೂ ಇಟ್ಟು, ನನ್ನ ಕಡೆ ತಿರುಗದೆಯೇ ಹೇಳಿದರು:

“ಉಳಿದಿದ್ರೆ ತಾ, ತಿನ್ನೋಣ. ಇವತ್ತೇನೂ ಏಕಾದಶಿ ಅಲ್ವಲ್ಲ.”

ಎರಡು ಉಳಿದಿದ್ದವು, ಎರಡೂ ಒಡೆದಿದ್ದವು. ನೆಲದ ಮೇಲೆ ಕೂತು ನಾನೊಂದು ಅವರೊಂದು ಕೈಗೆತ್ತಿಕೊಂಡೆವು. ಗುಂಡಮ್ಮ ನಮ್ಮಿಬ್ಬರ ನಡುವೆ ನಡೆದು ಬಂದು, ಅಜ್ಜಿಯ ಕೈಯಿಂದ ಒಂದು ಚೂರು ಕಿತ್ತುಕೊಂಡು, ತನ್ನ ಆರು ಹಲ್ಲಿನಲ್ಲಿ ಕಟುಂ ಎಂದು ಕಚ್ಚಿದಳು. ತನ್ನ ಹೆಸರಿನ ಸಿಹಿಯನ್ನು ಅವಳು ತಾನೇ ತಿಂದದ್ದು ಅದೇ ಮೊದಲು. ಅದನ್ನು ನಾವಿಬ್ಬರೂ ಒಟ್ಟಿಗೇ ನೋಡಿದೆವು.